ಹೆಗಲ ಮೇಲಿನ ಗುರುತು

ನನ್ನ ಮಾವ ರೇವಪ್ಪನವರಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಕುರಿಯ ಮುಖ ಮರೆಯುವುದಿಲ್ಲ. ನಾನು ಮದುವೆಯಾಗಿ ಚಿಮ್ಮಡಕ್ಕೆ ಬಂದ ಹೊಸದರಲ್ಲಿ ನನ್ನನ್ನು ವಿಶಾಲಾಕ್ಷಿ ಅನ್ನುತ್ತಿದ್ದರು, ವೈಜಯಂತಿ ಅನ್ನುತ್ತಿದ್ದರು, ಏನೂ ಹೊಳೆಯದಿದ್ದರೆ ಬರೀ 'ಬನಹಟ್ಟಿಯಾಕಿ' ಅನ್ನುತ್ತಿದ್ದರು. ನನ್ನ ಹೆಸರು ವೈಶಾಲಿ. ಅದೇ ಮನುಷ್ಯ ಹಿಂಡಿನೊಳಗೆ ಹೊಕ್ಕರೆ ಇದು ಯಾವ ತಾಯಿಯ ಮರಿ, ಆ ತಾಯಿ ಯಾವ ಕಾಲುವೆಯ ದಂಡೆಯಲ್ಲಿ ಈದಿತ್ತು ಎಂದು ತಡವರಿಸದೆ ಹೇಳುವರು. ಒಮ್ಮೆ ನಾನು ಸಿಟ್ಟಿಗೆದ್ದು, "ಮಾವಾರ, ನನಗೂ ಎರಡು ಕೊಂಬ ಇದ್ದಿದ್ರ ಹೆಸರ ನೆನಪಿರತಿತ್ತೇನ್ರಿ?" ಎಂದು ಕೇಳಿದ್ದೆ. ನಕ್ಕು ನಕ್ಕು ಅವರಿಗೆ ಕೆಮ್ಮೇ ಬಂದಿತ್ತು. ಆಗ ಕೆಮ್ಮು ಎಂದರೆ ಬರೀ ಕೆಮ್ಮು, ಯಾರೂ ಅದಕ್ಕೆ ಹೆದರುತ್ತಿರಲಿಲ್ಲ.

ಹೆದರಿಕೆಯ ಮಾತು ಬಂತು, ಮೊದಲೇ ಹೇಳಿಬಿಡುತ್ತೇನೆ. ಹೆದರಿದಾಗ ಕೆಲವರು ಸುಮ್ಮನಾಗುತ್ತಾರೆ, ಕೆಲವರು ಅಳುತ್ತಾರೆ. ನನಗೆ ಬಾಯಿ ಜೋರಾಗುತ್ತದೆ. ಈ ವರ್ಷ ನಾನು ಬಸ್ ಕಂಡಕ್ಟರನನ್ನು ಬೈದಿದ್ದೇನೆ, ಔಷಧಿ ಅಂಗಡಿಯವನನ್ನು ಬೈದಿದ್ದೇನೆ, ಬೀರಪ್ಪನ ಗುಡಿಯ ಮುಂದೆ ನಿಂತು ಬೀರಪ್ಪನನ್ನೂ ಬೈದಿದ್ದೇನೆ. ಊರವರು ನನ್ನನ್ನು ಬಲು ಗಟ್ಟಿಗಿತ್ತಿ ಎಂದುಕೊಂಡಿದ್ದಾರೆ. ಬೈದು ಬಂದ ರಾತ್ರಿ ನಾನು ದೀಪ ಆರಿಸದೆ ಮಲಗುವುದು ಅವರಿಗೆಲ್ಲಿ ಕಾಣಬೇಕು.

ಮಾವ ಹುಟ್ಟಿದ್ದೇ ಹಿಂಡಿನ ಜೊತೆ, ಘಟಪ್ರಭೆಯ ದಂಡೆಯ ಯಾರದೋ ಹೊಲದಲ್ಲಿ, ನಾಲ್ಕು ಕೋಲಿಗೆ ಕಂಬಳಿ ಕಟ್ಟಿದ ಮರೆಯಲ್ಲಿ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಿ, ಬಿದ್ದ ಗೊಬ್ಬರಕ್ಕೆ ಬದಲಾಗಿ ಹೊಲದವರಿಂದ ಜೋಳ ಪಡೆದು ಬದುಕಿದರು. ತೇರದಾಳದ ಕಡೆಯಿಂದ ಮುಧೋಳದ ಕಡೆಗೆ, ಅಲ್ಲಿಂದ ಬೀಳಗಿಯ ಗುಡ್ಡಗಳಿಗೆ. ಎಲ್ಲ ಕಡೆ ಕಬ್ಬು ಎದ್ದು ಮೇಯಲು ಜಾಗ ಇಲ್ಲದಾದಾಗ ಕಬ್ಬಿಗೆ ಶಾಪ ಹಾಕುತ್ತ ಗುಡ್ಡದ ಕಡೆ ಹೊರಳಿದರು. ಹಣೆಗೆ ಭಂಡಾರ, ಅಂದರೆ ಬೀರಪ್ಪನ ಅರಿಸಿನ, ಹಚ್ಚದೆ ಚಹಾ ಕುಡಿದವರಲ್ಲ. ಸೊಸೆಯಾದ ನಾನು ಅವರ ಮುಂದೆ ಕುಳಿತವಳಲ್ಲ, ಅವರನ್ನು ಮುಟ್ಟಿದವಳಲ್ಲ. ಜಗಳ ಮಾತ್ರ ಮಾಡುತ್ತಿದ್ದೆ, ಅದೂ ತಲೆಯ ಮೇಲೆ ಸೆರಗು ಹೊದ್ದುಕೊಂಡೇ.

ಕುರಿ ಮಾರುವಾಗ ಅವರದೊಂದು ರೀತಿಯಿತ್ತು. ವ್ಯಾಪಾರಿ ಬಂದು ಆರಿಸಿದ ಕುರಿಯ ಎಡ ಹೆಗಲಿಗೆ ಕೆಮ್ಮಣ್ಣಿನಲ್ಲಿ ಗುರುತು ಎಳೆಯಬೇಕು, ಅಡ್ಡ ಒಂದು ಗೀಟು, ಉದ್ದ ಒಂದು ಗೀಟು. ಬೇರೆ ಯಾರೂ ಎಳೆಯುವಂತಿಲ್ಲ, ಮಾವನೇ ಎಳೆಯಬೇಕು. ಗುರುತು ಬಿದ್ದ ಮೇಲೆ ಅದು ನಮ್ಮ ಕುರಿಯಲ್ಲ. ಅದನ್ನು ಹಿಂಡಿನಿಂದ ಬೇರೆ ಕಟ್ಟುತ್ತಾರೆ. ಮುಂದೆ ನೀರಿಡುತ್ತಾರೆ, ಆದರೆ ಕೈಯಿಂದ ತಿನ್ನಿಸುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ವ್ಯಾಪಾರಿ ಅದನ್ನು ಗಾಡಿಗೆ ಹತ್ತಿಸುವಾಗ ಮಾವ ಆ ಕಡೆ ಬೆನ್ನು ಹಾಕಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಹೇಳಿದ್ದರು, "ಗುರ್ತ ಬಿದ್ದದ್ದನ್ನ ನೋಡಬಾರದವ್ವಾ. ನಾವ ನೋಡಿದ್ರ ಅದೂ ನಮ್ಮನ್ನ ನೋಡತೈತಿ."

ಹೋದ ವರ್ಷ ಅವರ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ನೋವಿಲ್ಲ, ಏನಿಲ್ಲ. ಬಡಿಗೆ ಹೊತ್ತು ಹೊತ್ತು ಆಗಿದೆ ಎಂದರು. ಕಂಕುಳಲ್ಲೊಂದು ಎದ್ದಿತು. ಅದಕ್ಕೂ ಬಡಿಗೆಯೇ ಕಾರಣವಾಯಿತು. ಅತ್ತೆ ಹೊಳೆವ್ವ ದಿನಾ ಭಂಡಾರ ಹಚ್ಚಿದರು. ಚಳಿಗಾಲದಲ್ಲೂ ಮಾವನ ಅಂಗಿ ಬೆವರಿನಿಂದ ಹಿಂಡುವಷ್ಟು ತೊಯ್ದಿರುತ್ತಿತ್ತು, ಮೈ ಇಳಿಯುತ್ತ ಹೋಯಿತು. ಜಮಖಂಡಿಯ ಡಾಕ್ಟರು ಕುತ್ತಿಗೆ ಒತ್ತಿ ನೋಡಿದರು, ಕಂಕುಳು ಒತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಒಳಗೆ ಹೋದಾಗ ಮಳೆ ಬೆಳೆಯ ಮಾತಾಡುತ್ತಿದ್ದವರು ಕೈ ತೆಗೆಯುವಷ್ಟರಲ್ಲಿ ಮಾತೇ ನಿಲ್ಲಿಸಿಬಿಟ್ಟರು. ಬೆಳಗಾವಿಗೆ ಹೋಗಿರಿ, ನಾಳೆಯೇ ಹೋಗಿರಿ ಎಂದರು.

ನನ್ನ ಗಂಡ ಸಂಜು ಹಿಂಡಿನ ಜೊತೆ ಬೀಳಗಿ ಕಡೆ ಇದ್ದರು. ಹಿಂಡನ್ನು ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ನಾನೇ ಮಾವನ ಜೊತೆ ಹೊರಟೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಲ್ಲಿಯ ಕಾಂಚನಾ ಡಾಕ್ಟರು ನನ್ನನ್ನೊಬ್ಬಳನ್ನೇ ಕರೆಯಲಿಲ್ಲ, ಮಾವನನ್ನೂ ಕೂರಿಸಿಕೊಂಡು ಹೇಳಿದರು. ಅದೊಂದು ಬಗೆಯ ಕ್ಯಾನ್ಸರು, ಅದಕ್ಕೆ ಲಿಂಫೋಮಾ ಎನ್ನುತ್ತಾರಂತೆ.

"ಅಜ್ಜಾರ, ನಿಮ್ಮ ಹಿಂಡಿಗೆ ನಾಯಿ ಅದಾವಿಲ್ರಿ?" ಎಂದು ಕೇಳಿದರು.

"ಅದಾವ್ರಿ. ಮೂರು."

"ಮೈಯಾಗೂ ಹಂಗ ಕಾವಲು ಕಾಯೂ ಕಣ ಇರತಾವ್ರಿ. ಕುತ್ತಿಗಿ, ಕಂಕಳಾ, ತೊಡಿಸಂದಿ, ಅಲ್ಲಲ್ಲೆ ಅವುಕ್ಕ ಠಾಣೆ. ಆ ಕಾವಲಿನ ಕಣನ ಹಾದಿ ತಪ್ಪಿ ಸುಮ್ ಸುಮ್ಮನ ಬೆಳ್ಯಾಕತ್ತಾವ. ಅದಕ್ಕ ಈ ಗಂಟು. ಇದು ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ. ನಿಮ್ಮ ತಪ್ಪಿನಿಂದ ಬಂದದ್ದೂ ಅಲ್ಲ."

ನಾಯಿ ಕುರಿಯ ಮೇಲೆ ಬಿದ್ದರೆ ಏನು ಮಾಡುತ್ತಾರೆಂದು ಮಾವನಿಗೆ ಗೊತ್ತು. ಅವರು ತಲೆಯಾಡಿಸಿದರು. ಇದಕ್ಕೆ ಎಲ್ಲ ಕಡೆ ಕೊಡುವ ಔಷಧಿಯಿದೆ, ಬಹಳ ಜನಕ್ಕೆ ಗುಣವಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದೆ.

ತಿಂಗಳುಗಟ್ಟಲೆ ಆ ಔಷಧಿಯ ಸಲಾಯಿನ್ ಹಚ್ಚಿಸಿಕೊಂಡರು. ಮೀಸೆ ಉದುರಿತು. ಅದೊಂದಕ್ಕೆ ಅವರು ನಾಚಿದರು, ಧೋತರದ ಚುಂಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುತ್ತಿದ್ದರು. ಗಂಟುಗಳು ಕರಗಿದವು. ಅತ್ತೆ ಬೀರಪ್ಪನಿಗೆ ಹೋಳಿಗೆ ಎಡೆ ಕೊಟ್ಟರು, ನಾನು ಮಾವನಿಗೆ ಹೊಸ ಅಂಗಿ ಹೊಲಿಯಲು ಕುಳಿತೆ. ಮೈ ಮುಟ್ಟದೆ, ಹಳೆಯ ಅಂಗಿ ಇಟ್ಟುಕೊಂಡೇ ಅಳತೆ ತೆಗೆದೆ. ಕೊಟ್ಟಾಗ ಕಾಲರಿನ ಗುಂಡಿ ಸರಾಗ ಕೂಡುತ್ತಿತ್ತು. ಕೆಲವೇ ವಾರಗಳ ನಂತರ ನೋಡಿದರೆ ಗುಂಡಿ ಬಿಚ್ಚಿದೆ. ಸೆಕೆಗೆ ಎಂದರು. ಮರುದಿನವೂ ಬಿಚ್ಚಿತ್ತು. ಅಂಗಿ ಒಗೆಯಲು ತೆಗೆದುಕೊಂಡಾಗ ಕಾಲರಿನ ಒಳಭಾಗ ಉಜ್ಜಿ ಉಜ್ಜಿ ನೂಲು ಎದ್ದಿತ್ತು. ಟೇಪು ಹಿಡಿದು ಅಳೆಯುವ ಅಗತ್ಯವೇ ಇರಲಿಲ್ಲ. ನಾನು ಬಚ್ಚಲಲ್ಲಿ ಕುಳಿತು ಅಂಗಿಯನ್ನು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ.

"ಮೊದಲ್ನೇ ಔಷಧಿಗೆ ಜಗ್ಗಲಿಲ್ಲವ್ವಾ ಇದು," ಎಂದರು ಕಾಂಚನಾ ಡಾಕ್ಟರು. "ಕೆಲವೊಬ್ಬರದು ಹಿಂಗಾಗತೈತಿ. ಔಷಧಿ ಬಿದ್ದಾಗ ಮೆತ್ತಗಿದ್ದ ಕಣ ಸಾಯತಾವ. ಗಟ್ಟಿ ಇದ್ದದ್ದು ಉಳದು ಮತ್ತ ಬೆಳೀತಾವ. ಈಗ ಉಳದಿದ್ದೆಲ್ಲಾ ಗಟ್ಟೀದ. ಅದಕ್ಕ ಬ್ಯಾರೆ ಔಷಧಿ ಕೊಡಬೇಕು."

"ನಾವೇನರ ಪಥ್ಯ ತಪ್ಪಿದ್ವೇನ್ರಿ?"

"ಇಲ್ಲ. ನೀವು ಎಲ್ಲಾ ಸರಿ ಮಾಡೀರಿ."

"ಮತ್ತ ಆ ಬ್ಯಾರೆ ಔಷಧಿಗೂ ಜಗ್ಗಲಿಲ್ಲಂದ್ರ?"

"ಈಗ ಅದನ್ನ ಕೇಳಬ್ಯಾಡ," ಎಂದರು. ನಾನು ಜಗಳವಾಡಿದೆ. ಎಲ್ಲಾ ಸರಿ ಮಾಡಿದರೆ ಯಾಕೆ ಬಂತು ಎಂದು ಕೂಗಿದೆ. ತಪ್ಪು ಮಾಡಿದ್ದರೆ ತಿದ್ದಿಕೊಳ್ಳಬಹುದಿತ್ತು. ಸರಿ ಮಾಡಿಯೂ ಹೀಗಾದರೆ ಮನುಷ್ಯ ಎಲ್ಲಿ ಹಿಡಿದುಕೊಂಡು ನಿಲ್ಲಬೇಕು? ಆ ಡಾಕ್ಟರಮ್ಮ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು, ಬೈಯಲಿಲ್ಲ.

ಎರಡನೆಯ ಔಷಧಿಗೆ ಕುತ್ತಿಗೆಯ ಗಂಟು ಇಳಿಯಿತು, ಹೊಟ್ಟೆಯೊಳಗಿನದೂ ಇಳಿಯಿತು. ಎಡ ಕಂಕುಳಿನದು ಮಾತ್ರ ಹಟ ಹಿಡಿದು ಕುಳಿತಿತು. ಅದು ನರ ಒತ್ತಿ ಎಡಗೈ ಬಾತುಕೊಂಡಿತು, ಬಡಿಗೆ ಹಿಡಿಯಲು ಆಗದಾಯಿತು. ಡಾಕ್ಟರು ಮುಂದಿನ ದಾರಿ ಬಿಡಿಸಿ ಹೇಳಿದರು. ಮೊದಲು ಕರೆಂಟು ಕೊಟ್ಟು, ಅಂದರೆ ಯಂತ್ರದ ಕಿರಣ ಬಿಟ್ಟು, ಕಂಕುಳಿನದನ್ನು ಸುಮ್ಮನಾಗಿಸಬೇಕು. ಎಲ್ಲ ಗಂಟೂ ಸುಮ್ಮನಾದರೆ ಮಾತ್ರ ಮಾವನದೇ ಮೈಯಿಂದ ಹೊಸ ರಕ್ತ ಹುಟ್ಟಿಸುವ ಬೀಜಕಣ ತೆಗೆದಿಟ್ಟು, ಜೋರು ಔಷಧಿ ಕೊಟ್ಟು, ಅದನ್ನು ವಾಪಸು ಹಾಕಬಹುದು. ತಡವಾಗಿ ಅದು ಮತ್ತೆ ಹಬ್ಬಿದರೆ ಆ ಬಾಗಿಲು ಮುಚ್ಚುತ್ತದೆ. ತಡ ಎಂಬ ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತಿತು.

ಕಿರಣ ಎಲ್ಲಿ ಬೀಳಬೇಕೆಂದು ಅಳತೆ ಮಾಡಲು ಮಾವನನ್ನು ಒಳಗೆ ಕರೆದರು. ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ಬಂದು ನೋಡಿದರೆ ಮಾವ ಬೆಂಚಿನ ಮೇಲೆ ಅಂಗಿಯ ಗುಂಡಿ ಮೇಲಿನವರೆಗೂ ಹಾಕಿಕೊಂಡು ಕುಳಿತಿದ್ದರು. ಅಳತೆಯ ಲೆಕ್ಕ ಮುಗಿಯಲು ಕೆಲವು ದಿನ ಬೇಕು, ಸೋಮವಾರ ಬನ್ನಿ ಎಂದು ಅಲ್ಲಿನವರು ಹೇಳಿದರು. "ಏನ ಮಾಡಿದ್ರು ಮಾವಾರ ಒಳಗ? ನೋವಾತೇನ್ರಿ?" ಎಂದೆ. ಅವರು ಕಾಲರನ್ನು ಕುತ್ತಿಗೆಗೆ ಇನ್ನೂ ಎಳೆದುಕೊಂಡು ಎದ್ದು ಹೊರಟರು. ಗೋಕಾಕದಲ್ಲಿ ಬಸ್ಸು ನಿಂತಾಗ ಅವರ ಇಷ್ಟದ ಗಿರಮಿಟ್ಟು ತಂದುಕೊಟ್ಟೆ. ಕೈಯಲ್ಲಿ ಹಿಡಿದುಕೊಂಡೇ ಬನಹಟ್ಟಿಯವರೆಗೆ ಬಂದರು, ಒಂದು ತುತ್ತೂ ತಿನ್ನಲಿಲ್ಲ.

ಮನೆಗೆ ಬಂದವರು ಒಳಗೆ ಬರಲಿಲ್ಲ. ಹಿತ್ತಲಿನಲ್ಲಿ ಮರಿ ಕಟ್ಟುವ ದಡ್ಡಿಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡರು. ರೊಟ್ಟಿ ಒಯ್ದರೆ, "ಅಲ್ಲೇ ಇಡು," ಅನ್ನುವರು, ನನ್ನ ಕೈಯಿಂದ ತಗೊಳ್ಳುವುದಿಲ್ಲ. ನೀರು ಮಾತ್ರ ಕುಡಿಯುವರು. ಕರೆದರೆ ತಿರುಗಿ ನೋಡುವುದಿಲ್ಲ. ಸಂಜು ಫೋನು ಮಾಡಿದಾಗ, "ಕರಿ ಟಗರ ಮಾರಬ್ಯಾಡೋ, ಬೀರಪ್ಪಗ ಬಿಟ್ಟದ್ದೈತಿ. ಉಳದದ್ದು ನಿನಗ ಬಿಟ್ಟದ್ದು," ಎಂದು ಹೇಳಿ ಫೋನು ನೆಲದ ಮೇಲಿಟ್ಟರು. ಔಷಧಿಗೆ ಮನಸ್ಸು ಕೆಟ್ಟಿದೆ ಎಂದುಕೊಂಡೆ. ಆದರೆ ಸೀದಾ ಕುಳಿತ ಮನುಷ್ಯ, ಜ್ವರವಿಲ್ಲ, ನರಳಾಟವಿಲ್ಲ, ಬರೀ ಯಾರಿಗೋ ಕಾಯುತ್ತಿರುವವರ ಹಾಗಿದ್ದರು. ಹತ್ತಿರ ಹೋಗಿ ಬೈದೆ, ಬೇಡಿಕೊಂಡೆ. ಅವರು ಮುಖವನ್ನು ಗೋಡೆಯ ಕಡೆ ಹೊರಳಿಸಿದರು, ಅಷ್ಟೇ.

ಅಮಾವಾಸ್ಯೆಯ ದಿನ ಅತ್ತೆ ಅವರನ್ನು ಎಬ್ಬಿಸಿಕೊಂಡು ಬಂದು ಬಚ್ಚಲಲ್ಲಿ ಕೂರಿಸಿದರು. ಬೀರಪ್ಪನ ಪೂಜೆಗೆ ಜಳಕ ಬೇಡ ಎನ್ನುವ ಧೈರ್ಯ ಮಾವನಿಗಿಲ್ಲ. ನಾನು ಒಲೆಯ ಮುಂದಿದ್ದೆ. ಬಚ್ಚಲಿನಿಂದ ಮಾತು ಕೇಳುತ್ತಿರಲಿಲ್ಲ, ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು, ಕೇಳುತ್ತಲೇ ಇತ್ತು. ಆಮೇಲೆ ಮೋರಿಯಲ್ಲಿ ನೇರಳೆ ಬಣ್ಣದ ನೀರು ಹರಿದು ಬಂತು. ನಾನು ಎದ್ದು ಓಡಿದೆ. ಮಾವನ ಎಡ ಹೆಗಲು, ಎದೆಯ ಎಡಭಾಗ ಕೆಂಪಗೆ ಕಂದಿದ್ದವು. ಅತ್ತೆ ಅದರ ಮೇಲೆ ಮುಷ್ಟಿಗಟ್ಟಲೆ ಭಂಡಾರ ಒತ್ತುತ್ತಿದ್ದರು.

"ಏನ ತೊಳದ್ರಿ ಅತ್ತೀ?"

"ಕಟುಕನ ಗುರ್ತ ತೊಳದ್ನಿ," ಎಂದರು ಅತ್ತೆ. ಇನ್ನೊಂದು ಮುಷ್ಟಿ ಭಂಡಾರ ತಗೊಂಡರು. "ಅಡ್ಡ ಒಂದು ಗೀಟ, ಉದ್ದ ಒಂದು ಗೀಟ. ನಮ್ಮ ಗುರ್ತನ. ಎಡ ಹೆಗಲಿಗೇ ಹಾಕ್ಯಾರಲ್ಲ ಅವರು, ನನ್ನ ಗಂಡಗ. ಯಾರಿಗೆ ಕೊಟ್ಟಿ ಬೇ ಇವರನ್ನ? ಯಾರಿಗೆ ಕೊಟ್ಟು ಬಂದಿ?"

ದಡ್ಡಿ, ನೀರು, ಮುಟ್ಟದ ರೊಟ್ಟಿ, ತಿರುಗದ ಮುಖ, ಎಲ್ಲ ನನಗೆ ಒಮ್ಮೆಲೇ ಅರ್ಥವಾಯಿತು. ಜೀವಮಾನವಿಡೀ ಗುರುತು ಎಳೆದ ಮನುಷ್ಯ, ತನ್ನ ಮೇಲೆ ಬಿದ್ದ ಗುರುತಿಗೆ ತಲೆಬಾಗಿ, ತಾನೇ ಎದ್ದು ಹೋಗಿ ಹಿಂಡಿನಿಂದ ಬೇರೆ ಕುಳಿತಿದ್ದರು.

ಆಸ್ಪತ್ರೆಗೆ ಫೋನು ಮಾಡಿದೆ. ಅದು ಕಿರಣ ಬಿಡುವ ಜಾಗದ ಗುರುತು, ಅದಿಲ್ಲದೆ ಯಂತ್ರ ಹಚ್ಚುವಂತಿಲ್ಲ, ನೀರು ಹಚ್ಚಬೇಡಿ ಎಂದು ಅಜ್ಜನಿಗೆ ಹೇಳಿದ್ದೆವಲ್ಲ ಎಂದರು. ಹೇಳಿರಬೇಕು. ಗುರುತು ಬಿದ್ದ ಮೇಲೆ ಅವರ ಕಿವಿಗೆ ಏನೂ ಬಿದ್ದಿರಲಿಕ್ಕಿಲ್ಲ. ಎಲ್ಲ ಅಳತೆ ಮತ್ತೆ ಆಗಬೇಕು, ಅಲ್ಲಿಯ ಸರದಿ ಮತ್ತೆ ಹಿಡಿಯಬೇಕು. ಅಂದರೆ ತಡ. ಆ ವಾರ ಮಾವನ ಎಡಗೈ ಬೆರಳು ಮಡಚಲಾರದಷ್ಟು ಬಾತಿತು. ನಾನು ದಿನಾ ಕದ್ದು ಕದ್ದು ಅವರ ಕುತ್ತಿಗೆ ನೋಡುತ್ತಿದ್ದೆ, ಕಾಲರಿನ ಗುಂಡಿ ನೋಡುತ್ತಿದ್ದೆ. ಅತ್ತೆಯ ಜೊತೆ ಮಾತು ಬಿಟ್ಟೆ. ಅವರನ್ನು ಬೈಯಲು ಬಾಯಿ ತೆರೆದರೆ ಅಳು ಬರುತ್ತದೆಂದು ಹೆದರಿ ಬಿಟ್ಟೆ.

ಈ ಸಲ ಮೂವರೂ ಹೋದೆವು. ಅಳತೆಯ ಕೋಣೆಯ ಬಾಗಿಲಲ್ಲಿ ಮಾವ ಅಂಗಿಯ ಎದೆ ಬಲಗೈಯಿಂದ ಬಿಗಿಹಿಡಿದು, ಬಾತ ಕೈಯನ್ನು ಅದರ ಮೇಲೊತ್ತಿಕೊಂಡು ನಿಂತುಬಿಟ್ಟರು. ಕಾಂಚನಾ ಡಾಕ್ಟರೇ ಬಂದು ಸಮಾಧಾನದಿಂದ ಹೇಳಿದರು, ಇದು ಬರೀ ಮಸಿ, ಯಂತ್ರಕ್ಕೆ ದಾರಿ ತೋರಿಸುವುದಕ್ಕೆ ಎಂದು. ಮಾವ ಕೇಳಲಿಲ್ಲ. ನಾನು ನಡುವೆ ಬಾಯಿ ಹಾಕಿ, "ಮಾವಾರ, ನಾನೂ ಗುರ್ತ ಹಾಕಿಕೊಂಡ ಮ್ಯಾಲೆ ಅಲ್ರಿ ಬಟ್ಟಿಗೆ ಕತ್ತರಿ ಇಡೂದು!" ಎಂದುಬಿಟ್ಟೆ. ಕತ್ತರಿ ಎಂದದ್ದೇ ತಡ, ಅವರು ಗೋಡೆಗೆ ಒತ್ತಿಕೊಂಡರು. ನನ್ನ ಬಾಯಿಗೆ ನಾನೇ ಬೆಂಕಿ ಹಚ್ಚಬೇಕು ಅನ್ನಿಸಿತು.

"ನಾ ಎಳದೇನಿ ಯವ್ವಾ ಈ ಗುರ್ತ," ಎಂದರು ಮಾವ, ಗುರುತು ಬಿದ್ದ ದಿನದಿಂದ ಮೊದಲ ಸಲ ನನ್ನ ಮುಖ ನೋಡಿ. "ಎಷ್ಟಕ್ಕ ಎಳದೇನಿ. ಒಂದೂ ತಿರುಗಿ ಬಂದಿಲ್ಲ. ನನಗ ಗೊತ್ತಿಲ್ಲೇನ ಇದು?"

ಆ ಮುಖ ನನಗೆ ನೋಡಲಾಗಲಿಲ್ಲ. ಹೆದರಿಕೆ ಎಂದಿನಂತೆ ಸಿಟ್ಟಾಯಿತು. ಸೊಸೆ ಎನ್ನುವುದನ್ನು ಮರೆತು ಹತ್ತಿರ ಹೋಗಿ ಅವರ ಕಂಕುಳಿನ ಗಂಟಿನ ಮೇಲೆ ಅಂಗಿಯ ಮೇಲಿಂದಲೇ ಕೈಯಿಟ್ಟೆ. ಜೀವನದಲ್ಲಿ ಮೊದಲ ಸಲ ಅವರನ್ನು ಮುಟ್ಟಿದ್ದು. ಗಂಟು ಕಲ್ಲಿನ ಹಾಗಿತ್ತು.

"ಗುರ್ತ ನಿಮಗ್ಯಾರ ಹಾಕ್ಯಾರ್ರಿ?" ಎಂದು ಕೂಗಿದೆ. "ಇದಕ್ಕ ಹಾಕ್ಯಾರ. ಇದನ್ನ ಮಾರೇವ್ರಿ ನಾವು. ನಿಮ್ಮ ಹಿಂಡಿನ್ಯಾಗ ಇದೊಂದು ಮಾರೂದೈತಿ. ಗುರ್ತ ಇಲ್ಲಂದ್ರ ಆ ಮಿಶಿನ್ನಿಗೆ ಹೆಂಗ ಗೊತ್ತಾಗಬೇಕು ಯಾವುದನ್ನ ಒಯ್ಯಬೇಕಂತ? ಹೇಳ್ರಿ, ನಿಮ್ಮನ್ನ ಒಯ್ಯಲೋ ಇದನ್ನ ಒಯ್ಯಲೋ?"

ಕಾರಿಡಾರಿನಲ್ಲಿದ್ದವರೆಲ್ಲ ನಮ್ಮ ಕಡೆ ನೋಡಿದರು. ಮಾವ ತನ್ನ ಕಂಕುಳಿನ ಕಡೆ ನೋಡಿದರು. ಆಮೇಲೆ ಡಾಕ್ಟರ ಕಡೆ.

"ಖರೆ ಏನ್ರಿ ಡಾಕ್ಟರ ಬಾಯಾರ? ಇದಕ್ಕ ಗುರ್ತ ಏನ್ರಿ?"

"ಖರೇನ ಅಜ್ಜಾರ. ಅದಕ್ಕ."

"ಗುರ್ತ ಬಿದ್ದ ಮ್ಯಾಲ ತಿರುಗಿ ಬರೂದಿಲ್ಲಲ್ರಿ ಅದು?"

ಡಾಕ್ಟರು ಸುಳ್ಳು ಹೇಳಬಹುದಿತ್ತು. "ಬಾರದಂಗ ಮಾಡಾಕ ನೋಡತೇವ್ರಿ," ಎಂದರು. "ಬರೂದೇ ಇಲ್ಲಂತ ಹೇಳಾಕ ನನಗ ಆಗೂದಿಲ್ಲ."

ಹೊಳೆವ್ವತ್ತೆ ಮುಂದೆ ಬಂದರು. ಅಂದು ತೊಳೆದ ಅದೇ ಕೈಗಳಿಂದ ಗಂಡನ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದರು. ಮಾವ ಒಳಗೆ ಹೋದರು.

ದಿನವೂ ಯಂತ್ರದ ಕೆಳಗೆ ಮಲಗಿ ಬಂದರು. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು ಉಳಿದೆವು. ಬೆಳಗಾದರೆ ಸಾಕು, ಅಂಗಿ ಸರಿಸಿ, "ಐತೇನವ್ವಾ?" ಎಂದು ನನ್ನನ್ನು ಕೇಳುವರು. "ಐತ್ರಿ ಮಾವಾರ," ಎಂದ ಮೇಲೆಯೇ ಚಹಾ. ಗುರುತು ಬಿದ್ದದ್ದನ್ನು ನೋಡಬಾರದೆಂದ ಮನುಷ್ಯ ದಿನಾ ಅದನ್ನೇ ನೋಡುತ್ತಿದ್ದರು. ಕೈಯ ಬಾವು ಇಳಿಯಿತು. ನನ್ನ ಕೈಯಿಂದ ರೊಟ್ಟಿ ತಗೊಂಡರು. ಒಂದು ದಿನ ನನ್ನನ್ನು ಸರಿಯಾಗಿ ವೈಶಾಲಿ ಎಂದು ಕರೆದುಬಿಟ್ಟರು. ನನಗೆ ಖುಷಿಯಾಗುವುದರ ಬದಲು ಹೆದರಿಕೆಯಾಯಿತು, ಹೋಗುವ ಮುಂಚೆ ಜನ ಹೀಗೆಲ್ಲ ಸರಿಯಾಗುತ್ತಾರೇನೋ ಎಂದು.

ಈಗ ಚಿಮ್ಮಡಕ್ಕೆ ಬಂದಿದ್ದೇವೆ. ಕಿರಣ ಕೊಡುವುದು ಮುಗಿದಿದೆ. ಸೋಮವಾರ ಸ್ಕ್ಯಾನು. ಅದರಲ್ಲಿ ಗಂಟುಗಳು ಸುಮ್ಮನಾಗಿವೆಯೋ ಇಲ್ಲವೋ ತಿಳಿಯುತ್ತದೆ, ಮುಂದಿನ ಬಾಗಿಲು ತೆರೆಯುತ್ತದೋ ಇಲ್ಲವೋ ತಿಳಿಯುತ್ತದೆ. ನನಗೆ ಊಟ ಸೇರುತ್ತಿಲ್ಲ. ಹೊಲಿಗೆ ಹಾಕಿದರೆ ಸೊಟ್ಟ ಹೋಗುತ್ತದೆ. ಇನ್ನು ಗುರುತು ತೊಳೆಯಬಹುದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ಮಾವ ಒಪ್ಪುತ್ತಿಲ್ಲ.

"ತೊಳದ್ರ ಅದಕ್ಕ ಹೆಂಗ ಗೊತ್ತಾಗತೈತಿ ಬೇ," ಎಂದರು ಇವತ್ತು, "ತಾನು ಮಾರಿದ್ದಂತ? ತಿರುಗಿ ಮನಿಗೆ ಬರತೈತಿ."

ನೀರು ಕಾಯಿಸಿ ಬಚ್ಚಲಿಗೆ ಒಯ್ದು ಕೊಟ್ಟೆ. ಅತ್ತೆ ಬಲಗೈಯಿಂದ ತಂಬಿಗೆ ಎತ್ತಿ ಗಂಡನ ತಲೆಯ ಮೇಲೆ ಸುರಿಯುತ್ತಿದ್ದಾರೆ. ಎಡ ಅಂಗೈಯನ್ನು ಅವರ ಹೆಗಲ ಗುರುತಿನ ಮೇಲೆ ಕವುಚಿ ಹಿಡಿದಿದ್ದಾರೆ, ಒಂದು ಹನಿಯೂ ಒಳಗೆ ಹೋಗಬಾರದೆಂದು.